ಅದೇ ಜಾಲಿಕಾಯಿ, ಎರಡು ಹೊಟ್ಟೆ: ಟ್ಯಾನಿನ್ ಮತ್ತು ಆಡಿನೊಳಗಿನ ಸೂಕ್ಷ್ಮಜೀವಿಗಳ ಕಥೆ

(ಪಾಡ್‌ಕಾಸ್ಟ್ ಕಂತಿನ ಬರಹರೂಪ. ಕೇಳೋಕೆ ಹೊತ್ತಿಲ್ಲದವರು ಇಲ್ಲಿ ಓದಬಹುದು.)

ಇವತ್ತಿನ ಕಂತನ್ನ ಒಂದು ತಪ್ಪಿನಿಂದ ಶುರು ಮಾಡ್ತೀನಿ. ತಪ್ಪು ನನ್ನದೇ.

2019ರ ಮೇ ತಿಂಗಳು. ನಮ್ಮ ಕಡೆಯವರಿಗೆ ಆ ವರ್ಷ ಮರೆಯೋದಲ್ಲ. ಬೇಸಿಗೆಯಲ್ಲಿ ಕೃಷ್ಣಾ ನದಿ ಬತ್ತಿ ಹೋಗಿತ್ತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಜನರಿಗೇ ಕುಡಿಯೋಕೆ ನೀರಿಲ್ಲ, ಇನ್ನು ಮೇವೆಲ್ಲಿಂದ ಬರಬೇಕು? ನಮ್ಮ ಆಯಿ, ಅಂದ್ರೆ ಅಜ್ಜಿ, ಇರೋದು ಅಥಣಿ ತಾಲೂಕಿನ ಒಣ ಭಾಗದಲ್ಲಿ. ಏಳೆಂಟು ಆಡು ಸಾಕಿದ್ದಳು. ಅವು ಬೆಳಗ್ಗೆ ಹೊರಗೆ ಹೋದ್ರೆ ಸಂಜೆ ವಾಪಸ್. ಅತ್ತಿ ಇರೋದು ರಾಯಬಾಗ ತಾಲೂಕಿನ ಕೃಷ್ಣಾ ದಂಡೆಯ ಹಳ್ಳಿಯಲ್ಲಿ, ಕಬ್ಬಿನ ಸೀಮೆ. ಅತ್ತಿಯ ಮನೆಯಲ್ಲಿ ಒಂದೇ ಒಂದು ಹೋತ, ಮನೆ ಮುಂದೆ ಗೂಟಕ್ಕೆ ಕಟ್ಟಿದ್ದು. ಆ ಹೋತ ಮಾರಿ ಮಗಳ ಡಿಪ್ಲೊಮಾ ಫೀ ಕಟ್ಟಬೇಕು ಅನ್ನೋದು ಅತ್ತಿಯ ಲೆಕ್ಕ.

ಆಯಿಯ ಆಡುಗಳು ಜಾಲಿಕಾಯಿಯನ್ನ ಪಟಪಟ ಅಂತ ಕಡಿದು ತಿನ್ನೋದನ್ನ ನಾನು ನೋಡಿದ್ದೆ. ಕರಿಜಾಲಿ ಗಿಡದಿಂದ ಬೀಳುತ್ತಲ್ಲ, ಮಣಿಸರದ ಹಾಗೆ ಇರೋ ಕಾಯಿ, ಅದು. ಪುಕ್ಕಟೆ ಮೇವು ಅಂತ ಒಂದು ಚೀಲ ತುಂಬಿ, ಬೈಕಿಗೆ ಕಟ್ಟಿ ಅತ್ತಿಯ ಮನೆಗೆ ಒಯ್ದೆ. ಹೋತ ಎರಡು ದಿನ ಹೊಟ್ಟೆ ತುಂಬ ತಿಂತು. ಮೂರನೇ ದಿನ ಮೇವು ಬಿಡ್ತು, ಮೆಲುಕು ನಿಲ್ಲಿಸ್ತು, ಹಿಕ್ಕೆ ಕಲ್ಲಿನ ಹಾಗೆ ಗಟ್ಟಿಯಾಯ್ತು.

ದನದ ಡಾಕ್ಟ್ರು ಬಂದ್ರು. "ಇದಕ್ ಮೊದಲ ಏನ್ ತಿನ್ನಸ್ತಿದ್ರಿ?" ಅಂದ್ರು.

"ಕಬ್ಬಿನ ಸೋಗಿ ರೀ ಸಾಹೇಬ್ರ, ಒಂದೀಟು ಕಣಿಕಿ," ಅಂದಳು ಅತ್ತಿ.

ನಾನು ನಡುವೆ ಬಾಯಿ ಹಾಕಿದೆ. "ಸರ್, ನಮ್ಮ ಆಯಿ ಮನ್ಯಾಗಿನ ಆಡು ಇದನ್ನ ದಿನಾ ತಿಂತಾವ್ರಿ. ಅವಕ್ಕ ಏನೂ ಆಗಿಲ್ಲ."

ಡಾಕ್ಟ್ರು ನನ್ನ ಮುಖ ನೋಡಿ ಅಂದ್ರು: "ಆ ಆಡಿನ ಹೊಟ್ಟಿ ಬ್ಯಾರೆ, ಈ ಆಡಿನ ಹೊಟ್ಟಿ ಬ್ಯಾರೆ, ತಮ್ಮಾ."

ಎರಡೂ ಆಡೇ. ಎರಡಕ್ಕೂ ಹೊಟ್ಟೆ ಒಂದೇ ಥರ. ಮತ್ತೆ ಬೇರೆ ಅಂದ್ರೆ ಏನು? ಇವತ್ತಿನ ಮಾತೆಲ್ಲ ಇದರ ಮೇಲೇ.

ಮೊದಲು ಒಂದು ಕಪ್ ಚಹಾ

ಟ್ಯಾನಿನ್ ಅನ್ನೋ ಹೆಸರು ಹೊಸದಾಗಿರಬಹುದು, ರುಚಿ ಮಾತ್ರ ನಿಮಗೆ ಗೊತ್ತು. ಅದರ ಕನ್ನಡದ ಹೆಸರು ಒಗರು. ಎಳೆ ಬಾಳೆಕಾಯಿ, ನೇರಳೆ ಹಣ್ಣು, ಅಡಿಕೆ, ಹಾಲಿಲ್ಲದ ಕಡಕ್ ಚಹಾ, ಇವು ಬಾಯಿಗೆ ಬಿದ್ದಾಗ ನಾಲಿಗೆ ಜಗ್ಗಿದ ಹಾಗೆ, ಬಾಯಿ ಒಣಗಿದ ಹಾಗೆ ಆಗುತ್ತಲ್ಲ, ಅದೇ. ಜೊಲ್ಲಿನಲ್ಲಿ ಬಾಯಿಯನ್ನ ಜಾರುಜಾರಾಗಿ ಇಡೋ ಪ್ರೋಟೀನ್ ಇರುತ್ತೆ. ಟ್ಯಾನಿನ್ ಹೋಗಿ ಅದಕ್ಕೆ ಅಂಟಿಕೊಳ್ಳುತ್ತೆ. ಜಾರುವಿಕೆ ಹೋಗುತ್ತೆ, ಬಾಯಿ ಒರಟಾಗುತ್ತೆ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಚಹಾ ಪುಡಿ ಜಾಸ್ತಿ ಹಾಕಿ ಕುದಿಸಿ, ಹಾಲಿಲ್ಲದೆ ಒಂದು ಗುಟುಕು ಕುಡೀರಿ. ಆಮೇಲೆ ಅದಕ್ಕೇ ಹಾಲು ಹಾಕಿ ಇನ್ನೊಂದು ಗುಟುಕು. ಒಗರು ಇಳಿದಿರುತ್ತೆ. ಟ್ಯಾನಿನ್ ಈಗ ಹಾಲಿನ ಪ್ರೋಟೀನನ್ನ ಹಿಡಿದುಕೊಂಡಿದೆ, ನಿಮ್ಮ ಜೊಲ್ಲಿನ ತಂಟೆಗೆ ಬರೋದು ಕಡಿಮೆ.

ಇದನ್ನ ನೆನಪಿಟ್ಟುಕೊಳ್ಳಿ: ಟ್ಯಾನಿನ್ ಪ್ರೋಟೀನ್ ಹುಡುಕುತ್ತೆ, ಸಿಕ್ಕಿದ ಪ್ರೋಟೀನನ್ನ ಹಿಡಿದುಕೊಳ್ಳುತ್ತೆ. ಅತ್ತಿಯ ಹೋತಕ್ಕೆ ಏನಾಯ್ತು ಅನ್ನೋದಕ್ಕೆ ಉತ್ತರ ಇದರಲ್ಲೇ ಇದೆ.

ಕಾಲಲ್ಲಿರೋ ಚಪ್ಪಲಿ

ನಮ್ಮ ಐದು ತಾಲೂಕಿನವರಿಗೆ ಟ್ಯಾನಿನ್ ಇನ್ನೊಂದು ದಾರಿಯಿಂದಲೂ ಪರಿಚಯ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಕುಶಲಕರ್ಮಿಗಳು ತಲೆತಲಾಂತರದಿಂದ ಕೊಲ್ಹಾಪುರಿ ಚಪ್ಪಲಿ ಮಾಡ್ತಾರೆ. 2019ರಲ್ಲಿ ಈ ಚಪ್ಪಲಿಗೆ ಜಿಐ ಟ್ಯಾಗ್ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದ್ವು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್ ಫ್ಯಾಷನ್ ಶೋದಲ್ಲಿ ಇದೇ ಥರದ ಚಪ್ಪಲಿ ತೋರಿಸಿ ಗದ್ದಲ ಆಗಿದ್ದು ನಿಮ್ಮ ರೀಲ್ಸ್‌ನಲ್ಲೂ ಬಂದಿರುತ್ತೆ.

ಆ ಚಪ್ಪಲಿಯ ಚರ್ಮವನ್ನ ಹದ ಮಾಡೋ ಹಳೇ ಪದ್ಧತಿ ಯಾವುದು? ಜಾಲಿ ತೊಗಟೆ, ಅಳಲೆಕಾಯಿ. ಎರಡರಲ್ಲೂ ತುಂಬಿರೋದು ಟ್ಯಾನಿನ್. ಹಸಿ ಚರ್ಮ ಅಂದ್ರೆ ಪ್ರೋಟೀನ್. ಹಾಗೇ ಬಿಟ್ರೆ ಬ್ಯಾಕ್ಟೀರಿಯಾ ತಿಂದು ಕೊಳೆಸುತ್ತವೆ. ಟ್ಯಾನಿನ್ ಅದರ ಎಳೆಎಳೆಗೂ ಅಂಟಿಕೊಂಡ ಮೇಲೆ ಬ್ಯಾಕ್ಟೀರಿಯಾಕ್ಕೆ ಅದನ್ನ ಒಡೆಯೋಕೆ ಆಗಲ್ಲ. ವರ್ಷಗಟ್ಟಲೆ ಬಾಳಿಕೆ ಬರುತ್ತೆ.

ಈಗ ಯೋಚಿಸಿ. ಬ್ಯಾಕ್ಟೀರಿಯಾ ಕೈಗೆ ಸಿಗದ ಹಾಗೆ ಚರ್ಮವನ್ನ ಕಾಪಾಡೋ ಅದೇ ವಸ್ತು, ಬ್ಯಾಕ್ಟೀರಿಯಾದ ಮೇಲೇ ನಡೆಯೋ ಒಂದು ಹೊಟ್ಟೆಯೊಳಗೆ ಹೋದ್ರೆ?

ಹೊಟ್ಟೆಯಲ್ಲ, ಅದೊಂದು ಊರು

ಆಡು, ಕುರಿ, ಆಕಳು, ಎಮ್ಮೆ, ಇವು ಹುಲ್ಲು ತಿಂತಾವೆ ಅಂತೀವಿ. ನಿಜ ಹೇಳಬೇಕಂದ್ರೆ ಹುಲ್ಲಿನ ನಾರನ್ನ ಒಡೆಯೋ ಶಕ್ತಿ ಅವುಗಳ ದೇಹಕ್ಕಿಲ್ಲ. ಆ ಕೆಲಸ ಮಾಡೋದು ಮೆಲುಕು ಹೊಟ್ಟೆಯಲ್ಲಿರೋ, ಅಂದ್ರೆ ರೂಮೆನ್‌ನಲ್ಲಿರೋ ಸೂಕ್ಷ್ಮಜೀವಿಗಳು. ಅದು ಸುಮಾರು 39 ಡಿಗ್ರಿ ಬಿಸಿ ಇರೋ, ಗಾಳಿಯಾಡದ ಒಂದು ಚೀಲ. ಅಲ್ಲಿನ ದ್ರವದ ಒಂದು ಮಿಲಿಲೀಟರ್‌ನಲ್ಲೇ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಹುದು. ಜೊತೆಗೆ ಲಕ್ಷಗಟ್ಟಲೆ ಪ್ರೋಟೊಜೋವಾ, ಶಿಲೀಂಧ್ರ, ಮತ್ತೆ ಆರ್ಕಿಯಾ ಅನ್ನೋ ಇನ್ನೊಂದು ಜಾತಿ.

ಊರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಸುಬು ಇದ್ದ ಹಾಗೆ ಇಲ್ಲೂ ಇದೆ. ಕೆಲವು ನಾರು ಒಡೀತಾವೆ, ಕೆಲವು ಪ್ರೋಟೀನ್ ಒಡೀತಾವೆ. ಒಡೆದಾಗ ಬರೋ ಆಮ್ಲಗಳೇ ಆಡಿಗೆ ಶಕ್ತಿ. ಈ ಕೆಲಸದಲ್ಲಿ ಹೈಡ್ರೋಜನ್ ಹುಟ್ಟುತ್ತೆ. ಅದನ್ನ ಆರ್ಕಿಯಾ ತಗೊಂಡು ಮೀಥೇನ್ ಅನಿಲ ಮಾಡ್ತಾವೆ. ಆಡು ತೇಗಿದಾಗ ಅದು ಹೊರಗೆ ಹೋಗುತ್ತೆ. ಕೊನೆಗೆ ಈ ಸೂಕ್ಷ್ಮಜೀವಿಗಳೇ ಮುಂದಿನ ಹೊಟ್ಟೆಗೆ ಹರಿದು ಹೋಗಿ, ಅಲ್ಲಿ ಜೀರ್ಣವಾಗಿ, ಆಡಿಗೆ ಪ್ರೋಟೀನ್ ಆಗ್ತಾವೆ. ಅಂದ್ರೆ ಆಡು ಸೂಕ್ಷ್ಮಜೀವಿಗಳನ್ನ ಸಾಕುತ್ತೆ, ಆಮೇಲೆ ಅವನ್ನೇ ತಿನ್ನುತ್ತೆ.

ನಾವು ಆಡಿಗೆ ಮೇವು ಹಾಕ್ತೀವಿ ಅಂದ್ಕೋತೀವಿ. ಆ ಮೇವು ಮೊದಲು ಹೋಗೋದು ಈ ಊರಿನವರಿಗೆ.

ಟ್ಯಾನಿನ್ ಒಳಗೆ ಬಂದಾಗ

ಜಾಲಿಕಾಯಿ ಮೆಲುಕು ಹೊಟ್ಟೆಗೆ ಬಿತ್ತು ಅನ್ನಿ. ಟ್ಯಾನಿನ್ ತನ್ನ ಹಳೇ ಕೆಲಸ ಶುರು ಮಾಡುತ್ತೆ, ಪ್ರೋಟೀನ್ ಹಿಡಿಯೋದು. ಅದು ಮೂರು ಕಡೆ ಹಿಡಿಯುತ್ತೆ.

ಒಂದು, ಮೇವಿನ ಪ್ರೋಟೀನ್. ಅದು ಬ್ಯಾಕ್ಟೀರಿಯಾಕ್ಕೆ ಸಿಗದ ಹಾಗಾಗುತ್ತೆ. ಎರಡು, ನಾರು ಒಡೆಯೋಕೆ ಬ್ಯಾಕ್ಟೀರಿಯಾ ಬಿಡೋ ಕಿಣ್ವಗಳು. ಕಿಣ್ವ ಅಂದ್ರೂ ಪ್ರೋಟೀನೇ, ಟ್ಯಾನಿನ್ ಅಂಟಿದ್ರೆ ಅದರ ಕೆಲಸ ನಿಲ್ಲುತ್ತೆ. ಮೂರು, ಬ್ಯಾಕ್ಟೀರಿಯಾದ ಮೈ. ಅದರ ಹೊರಪದರಕ್ಕೇ ಅಂಟಿಕೊಂಡು ಬೆಳವಣಿಗೆ ತಡೆಯುತ್ತೆ.

ಎಲ್ಲರಿಗೂ ಒಂದೇ ಥರ ಪೆಟ್ಟು ಬೀಳಲ್ಲ. ಫೈಬ್ರೊಬ್ಯಾಕ್ಟರ್ ಅನ್ನೋ ನಾರು ಒಡೆಯೋ ಬ್ಯಾಕ್ಟೀರಿಯಾಕ್ಕೆ ಟ್ಯಾನಿನ್ ಅಂದ್ರೆ ಆಗಿಬರಲ್ಲ. ಬೇರೆ ಕೆಲವು ತಡೆದುಕೊಳ್ತಾವೆ. ಹಾಗಾಗಿ ಟ್ಯಾನಿನ್ ಜಾಸ್ತಿಯಾದಾಗ ಊರಲ್ಲಿ ಯಾರು ಉಳೀತಾರೆ, ಯಾರು ಹೋಗ್ತಾರೆ ಅನ್ನೋ ಲೆಕ್ಕವೇ ಬದಲಾಗುತ್ತೆ. ನಾರು ಒಡೆಯೋರು ಕಡಿಮೆಯಾದ್ರೆ ಮೇವು ಹೊಟ್ಟೆಯಲ್ಲೇ ಕೂಡುತ್ತೆ. ಹೊಟ್ಟೆ ಖಾಲಿಯಾಗದೆ ಹಸಿವು ಹೇಗೆ ಆಗಬೇಕು? ಆಡು ತಿನ್ನೋದು ಬಿಡುತ್ತೆ.

ಅತ್ತಿಯ ಹೋತಕ್ಕೆ ಬರೀ ಟ್ಯಾನಿನ್ನಿಂದಲೇ ಹೀಗಾಯ್ತು ಅಂತ ಡಾಕ್ಟ್ರು ಹೇಳಲಿಲ್ಲ. ಮೇವು ಒಮ್ಮೆಲೇ ಬದಲಾಗಿತ್ತು, ಬೇಸಿಗೆಯಲ್ಲಿ ನೀರೂ ಕಡಿಮೆ ಕುಡಿದಿತ್ತು. ಎಲ್ಲಾ ಸೇರಿ ಆಗಿದ್ದು.

ಹಾಗಾದ್ರೆ ಟ್ಯಾನಿನ್ ವಿಷಾನಾ?

ಇಲ್ಲ. ವಿಷ ಆಗಿದ್ದಿದ್ರೆ ನಮ್ಮ ಆಯಿಯ ಆಡುಗಳು ಬದುಕ್ತಿರಲಿಲ್ಲ.

ಮೆಲುಕು ಹೊಟ್ಟೆಯಲ್ಲಿ ಹುಳಿ ಕಡಿಮೆ, ಪಿಎಚ್ 6ರಿಂದ 7ರ ನಡುವೆ. ಅಲ್ಲಿ ಟ್ಯಾನಿನ್ ಪ್ರೋಟೀನನ್ನ ಬಿಗಿಯಾಗಿ ಹಿಡಿದಿರುತ್ತೆ. ಮುಂದೆ ನಾಲ್ಕನೇ ಹೊಟ್ಟೆಯಲ್ಲಿ ಹುಳಿ ಜಾಸ್ತಿ, ಪಿಎಚ್ 2ರಿಂದ 3. ಅಲ್ಲಿಗೆ ಹೋದಾಗ ಆ ಹಿಡಿತ ಸಡಿಲವಾಗಿ ಪ್ರೋಟೀನ್ ಬಿಡುಗಡೆ ಆಗುತ್ತೆ. ಬ್ಯಾಕ್ಟೀರಿಯಾ ತಿಂದು ಅಮೋನಿಯಾ ಮಾಡಿ ಮೂತ್ರಕ್ಕೆ ಕಳಿಸಬೇಕಿದ್ದ ಪ್ರೋಟೀನ್ ನೇರವಾಗಿ ಪ್ರಾಣಿಗೇ ಸಿಗುತ್ತೆ.

ನ್ಯೂಜಿಲೆಂಡಿನ ಕುರಿಗಳ ಮೇಲೆ ಇದರ ಬಗ್ಗೆ ದಶಕಗಟ್ಟಲೆ ಅಧ್ಯಯನ ಆಗಿದೆ. ಅಲ್ಲಿನ ಹುಲ್ಲುಗಾವಲು ಹಸಿರು, ಪ್ರೋಟೀನ್ ಬೇಕಾದಷ್ಟು. ಲೋಟಸ್ ಅನ್ನೋ ಮೇವಿನ ಗಿಡದ ಒಂದು ಜಾತಿಯಲ್ಲಿ ಟ್ಯಾನಿನ್ ಒಣ ತೂಕದ ಸುಮಾರು 2ರಿಂದ 4 ಪ್ರತಿಶತ. ಅದನ್ನ ಮೇಯ್ದ ಕುರಿಗಳಲ್ಲಿ ಉಣ್ಣೆ ಹೆಚ್ಚಾಯ್ತು, ಮರಿ ಹಾಕೋ ಪ್ರಮಾಣವೂ ಏರಿತು. ಅದೇ ಲೋಟಸ್‌ನ ಇನ್ನೊಂದು ಜಾತಿಯನ್ನ ಸಾರವಿಲ್ಲದ ಮಣ್ಣಲ್ಲಿ ಬೆಳೆದಾಗ ಟ್ಯಾನಿನ್ 5 ಪ್ರತಿಶತ ದಾಟಿತು. ಅದನ್ನ ಮೇಯ್ದ ಕುರಿಗಳು ಮೇವನ್ನೇ ಕಡಿಮೆ ತಿಂದ್ವು.

ಇನ್ನೂ ಎರಡು ಲಾಭ ಇದೆ. ಹಸಿ ಕುದುರೆ ಮಸಾಲೆ ಸೊಪ್ಪು ಜಾಸ್ತಿ ತಿಂದ ದನಕ್ಕೆ ಹೊಟ್ಟೆ ಉಬ್ಬರ ಬರೋದು ನೀವು ನೋಡಿರ್ತೀರಿ. ಸೊಪ್ಪಿನ ಪ್ರೋಟೀನ್ ನೊರೆ ಕಟ್ಟಿ ಅನಿಲ ಹೊರಗೆ ಬರದ ಹಾಗೆ ಮಾಡುತ್ತೆ. ಟ್ಯಾನಿನ್ ಇರೋ ಮೇವಿನಲ್ಲಿ ಆ ನೊರೆ ನಿಲ್ಲಲ್ಲ. ಮತ್ತೆ ಹೊಟ್ಟೆ ಹುಳ. ಅಮೆರಿಕದ ದಕ್ಷಿಣ ಭಾಗದಲ್ಲಿ ಆಡುಗಳಿಗೆ ಸೆರಿಸಿಯಾ ಲೆಸ್ಪೆಡೆಜಾ ಅನ್ನೋ ಟ್ಯಾನಿನ್ ತುಂಬಿದ ಮೇವು ಕೊಟ್ಟಾಗ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಕಡಿಮೆಯಾಗಿದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಬೆಂಗಳೂರಿನ ಪ್ರಯೋಗಾಲಯದಲ್ಲಿ

ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲೂ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ. ಅದರ ನಿರ್ದೇಶಕರಾಗಿದ್ದ ವಿಜ್ಞಾನಿ ರಾಘವೇಂದ್ರ ಭಟ್ಟ ಟ್ಯಾನಿನ್ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು.

ಅದಕ್ಕೂ ಮೊದಲು ಅವರು ಮತ್ತು ಜೊತೆಗಾರರು ರಾಜಸ್ಥಾನದಲ್ಲಿ ಬನ್ನಿ ಎಲೆಯ ಮೇಲೆ ಅಧ್ಯಯನ ಮಾಡಿದ್ರು. ಹೌದು, ದಸರಾದಲ್ಲಿ ನಾವು ಬಂಗಾರ ಅಂತ ಕೈಗೆ ಕೊಡ್ತೀವಲ್ಲ, ಅದೇ ಬನ್ನಿ. ಅಲ್ಲಿ ಅದಕ್ಕೆ ಖೇಜ್ರಿ ಅಂತಾರೆ. ಆಡುಮರಿಗಳಿಗೆ ಬನ್ನಿ ಎಲೆ ಸೇರಿಸಿದ ಮೇವು ಕೊಟ್ಟು, ಕೆಲವಕ್ಕೆ ಟ್ಯಾನಿನ್ನನ್ನ ಹಿಡಿದಿಡೋ ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ವಸ್ತುವನ್ನೂ ಸೇರಿಸಿದ್ರು. ಅದು ಸಿಕ್ಕ ಮರಿಗಳು ಚೆನ್ನಾಗಿ ಬೆಳೆದ್ವು. ಎಲೆಯಲ್ಲಿ ಸತ್ವ ಮೊದಲಿಂದಲೂ ಇತ್ತು, ಟ್ಯಾನಿನ್ ಅದನ್ನ ಬಿಡದೆ ಹಿಡಿದಿತ್ತು ಅಂತ ಇದರಿಂದ ಗೊತ್ತಾಯ್ತು.

ಬೆಂಗಳೂರಿನ ಸಂಸ್ಥೆ ಆಮೇಲೆ ಅದೇ ಗುಣವನ್ನ ಉಪಯೋಗಕ್ಕೆ ತಿರುಗಿಸಿತು. ಟ್ಯಾನಿನ್ ಇರೋ ಗಿಡಮೂಲ ವಸ್ತುಗಳಿಂದ ಹರಿತ್ ಧಾರಾ ಅನ್ನೋ ಪೂರಕ ಮೇವು ತಯಾರಿಸಿತು. ಇದು ಮೆಲುಕು ಹೊಟ್ಟೆಯ ಪ್ರೋಟೊಜೋವಾಗಳನ್ನ ಕಡಿಮೆ ಮಾಡುತ್ತೆ. ಪ್ರೋಟೊಜೋವಾ ಹೈಡ್ರೋಜನ್ ಕೊಡೋರು, ಆರ್ಕಿಯಾ ಅದನ್ನ ತಗೊಂಡು ಮೀಥೇನ್ ಮಾಡೋರು. ಕೊಡೋರು ಕಡಿಮೆಯಾದ್ರೆ ಮೀಥೇನೂ ಕಡಿಮೆ. ದನಗಳ ಮೀಥೇನ್ 17ರಿಂದ 20 ಪ್ರತಿಶತ ಇಳಿಯುತ್ತೆ ಅಂತ ಸಂಸ್ಥೆ ಹೇಳುತ್ತೆ. ಹುಣಸೆ ಬೀಜದ ಸಿಪ್ಪೆಯಿಂದಲೂ ಇಂಥದ್ದೇ ಒಂದು ಪೂರಕ ಮೇವು ಮಾಡಿದ್ದಾರೆ.

ಇದು ಬರೀ ಹವಾಮಾನದ ಮಾತಲ್ಲ. ಮೀಥೇನ್ ಅಂದ್ರೆ ಮೇವಿನಲ್ಲಿದ್ದ ಶಕ್ತಿ ತೇಗಾಗಿ ಹೋಗೋದು. ತಿಂದ ಮೇವಿನ ಒಟ್ಟು ಶಕ್ತಿಯಲ್ಲಿ 2ರಿಂದ 12 ಪ್ರತಿಶತ ಹೀಗೇ ಹೋಗುತ್ತೆ. ರೊಕ್ಕ ಕೊಟ್ಟು ಮೇವು ತರೋರಿಗೆ ಅದು ಜೇಬಿನ ಲೆಕ್ಕವೂ ಹೌದು.

ಕಲಿತ ಹೊಟ್ಟೆ

ಈಗ ಆಯಿಯ ಆಡುಗಳ ವಿಷಯಕ್ಕೆ ಬರೋಣ. ಅವು ಹೇಗೆ ತಡೆದುಕೊಂಡ್ವು?

ಆಸ್ಟ್ರೇಲಿಯಾದಲ್ಲಿ ಸಾಕಿದ ಆಡುಗಳು ತಪ್ಪಿಸಿಕೊಂಡು ಹೋಗಿ ಕಾಡಾಡುಗಳಾಗಿವೆ. ಅವು ಮೇಯೋದು ಅಲ್ಲಿನ ಅಕೇಶಿಯಾ ಗಿಡಗಳನ್ನ. ನಮ್ಮ ಜಾಲಿಯ ಸಂಬಂಧಿಗಳೇ ಅವು, ಟ್ಯಾನಿನ್ ತುಂಬಿದ್ದು. 1994ರಲ್ಲಿ ಸಂಶೋಧಕರು ಈ ಆಡುಗಳ ಮೆಲುಕು ಹೊಟ್ಟೆಯಿಂದ ಟ್ಯಾನಿನ್‌ಗೆ ಬಗ್ಗದ ಒಂದು ಬ್ಯಾಕ್ಟೀರಿಯಾ ಸಿಕ್ಕಿದ್ದನ್ನ ವರದಿ ಮಾಡಿದ್ರು. ಈಗ ಅದನ್ನ ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಅಂತ ಕರೀತಾರೆ. ಅದರ ಹತ್ತಿರ ಟ್ಯಾನೇಸ್ ಅನ್ನೋ ಕಿಣ್ವ ಇದೆ. ಟ್ಯಾನಿನ್‌ಗಳಲ್ಲಿ ಎರಡು ದೊಡ್ಡ ಗುಂಪು. ನೀರಿನ ಜೊತೆ ಸೇರಿ ಒಡೆಯೋ ಸಡಿಲ ಜಾತಿ ಒಂದು, ಬಿಗಿಯಾಗಿ ಹೆಣೆದುಕೊಂಡಿರೋ ಗಟ್ಟಿ ಜಾತಿ ಇನ್ನೊಂದು. ಟ್ಯಾನೇಸ್ ಮೊದಲನೇ ಜಾತಿಯನ್ನ ಕತ್ತರಿಸುತ್ತೆ. ಎರಡನೆಯದು ಅದಕ್ಕೂ ಕಷ್ಟ. ನಮ್ಮ ಕರಿಜಾಲಿಯಲ್ಲಿ ಎರಡೂ ಇವೆ.

ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯ. ಸುಬಾಬುಲ್ ಗೊತ್ತಲ್ಲ, ಹೊಲದ ಬದುವಿನ ಮೇಲೆ ಮೇವಿಗೆ ಅಂತ ಹಚ್ತಾರೆ. ಅದರಲ್ಲಿ ಟ್ಯಾನಿನ್ ಜೊತೆ ಮಿಮೋಸಿನ್ ಅನ್ನೋ ಇನ್ನೊಂದು ವಸ್ತು ಇದೆ. ಆಸ್ಟ್ರೇಲಿಯಾದ ದನಗಳು ಅದನ್ನ ತಿಂದು ಕೂದಲು ಉದುರಿ, ಸೊರಗ್ತಿದ್ವು. ಹವಾಯಿ ದ್ವೀಪದ ಆಡುಗಳು ಅದನ್ನೇ ತಿಂದು ಗಟ್ಟಿಯಾಗಿದ್ವು. ರೇಮಂಡ್ ಜೋನ್ಸ್ ಅನ್ನೋ ಆಸ್ಟ್ರೇಲಿಯಾದ ವಿಜ್ಞಾನಿ, ವ್ಯತ್ಯಾಸ ಆಡಿನಲ್ಲಿಲ್ಲ, ಅದರ ಹೊಟ್ಟೆಯ ಬ್ಯಾಕ್ಟೀರಿಯಾದಲ್ಲಿದೆ ಅಂದ್ರು. 1980ರ ದಶಕದಲ್ಲಿ ಹವಾಯಿ ಆಡಿನ ಸೂಕ್ಷ್ಮಜೀವಿಗಳನ್ನ ಆಸ್ಟ್ರೇಲಿಯಾಕ್ಕೆ ಒಯ್ದು ಅಲ್ಲಿನ ಪ್ರಾಣಿಗಳಿಗೆ ಕೊಟ್ಟಾಗ ಅವೂ ತಡೆದುಕೊಂಡ್ವು. ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಅವರ ಗೌರವಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಹೆಸರಿಟ್ರು.

ಡಾಕ್ಟ್ರು ಹೇಳಿದ ಮಾತಿನ ಅರ್ಥ ಈಗ ಬಿಡಿಸಿಕೊಳ್ಳುತ್ತೆ. ಆಡು ಒಂದೇ ಆದ್ರೂ ಅದರೊಳಗಿನ ಊರು ಬೇರೆ. ದಿನಾ ಸ್ವಲ್ಪ ಸ್ವಲ್ಪ ಜಾಲಿ, ಬನ್ನಿ, ಬಾರಿ ತಿಂದ ಹೊಟ್ಟೆಯಲ್ಲಿ ಟ್ಯಾನಿನ್ ತಡೆಯೋರು ಸೇರಿಕೊಂಡಿರ್ತಾರೆ. ಬರೀ ಕಬ್ಬಿನ ಸೋಗೆ ತಿಂದ ಹೊಟ್ಟೆಯಲ್ಲಿ ಅಂಥವರಿಗೆ ಕೆಲಸವೇ ಇರಲಿಲ್ಲ, ಸಂಖ್ಯೆ ಎಲ್ಲಿಂದ ಬರಬೇಕು?

ಕಬ್ಬಿನ ಸೋಗೆಯ ಲೆಕ್ಕ

ನನ್ನ ತಪ್ಪಿನಲ್ಲಿ ಇನ್ನೊಂದು ಭಾಗ ಇದೆ. ನಮ್ಮ ಭಾಗಕ್ಕೆ ಅದೇ ಮುಖ್ಯ.

ಮೇವಿನ ಒಣ ತೂಕದಲ್ಲಿ ಸುಮಾರು 7 ಪ್ರತಿಶತವಾದರೂ ಪ್ರೋಟೀನ್ ಇದ್ರೆ ಮಾತ್ರ ಮೆಲುಕು ಹೊಟ್ಟೆಯ ಬ್ಯಾಕ್ಟೀರಿಯಾ ಸರಿಯಾಗಿ ಬೆಳೀತಾವೆ. ಕಬ್ಬಿನ ಸೋಗೆಯಲ್ಲಿ ಇರೋದು 5–6 ಪ್ರತಿಶತ. ಜೋಳದ ಕಣಿಕೆಯಲ್ಲಿ ಅದಕ್ಕಿಂತಲೂ ಕಡಿಮೆ. ಅಂದ್ರೆ ಅತ್ತಿಯ ಹೋತದ ಹೊಟ್ಟೆಯಲ್ಲಿ ಮೊದಲೇ ಬರ. ಅಂಥ ಹೊಟ್ಟೆಗೆ ನಾನು ಪ್ರೋಟೀನ್ ಹಿಡಿಯೋ ವಸ್ತುವನ್ನ ಚೀಲಗಟ್ಟಲೆ ಹಾಕಿದೆ. ಇದ್ದ ಸ್ವಲ್ಪವನ್ನೂ ಅದು ಹಿಡಿದುಕೊಂಡಿತು. ಹಾಲಿಲ್ಲದ ಚಹಾದ ಥರ.

ಜಾಲಿಕಾಯಿಯಲ್ಲೂ ಪ್ರೋಟೀನ್ ಇದೆಯಲ್ಲ ಅಂತ ಕೇಳಬಹುದು. ಇದೆ. ಆದ್ರೆ ಹೆಚ್ಚಿನದು ಬೀಜದಲ್ಲಿ, ಬೀಜ ಕಲ್ಲಿನ ಥರ. ಎಷ್ಟೋ ಬೀಜ ಹಾಗೇ ಹಿಕ್ಕೆಯಲ್ಲಿ ಹೊರಗೆ ಬರುತ್ತೆ. ಆಡಿನ ದೊಡ್ಡಿ ಸುತ್ತ ಜಾಲಿ ಸಸಿ ಹುಟ್ಟೋದು ಅದಕ್ಕೇ.

ಅದೇ ಜಾಲಿಕಾಯಿಯನ್ನ ಕುದುರೆ ಮಸಾಲೆ ಅಥವಾ ಶೇಂಗಾ ಹಿಂಡಿ ತಿನ್ನೋ ಆಡಿಗೆ ಸ್ವಲ್ಪ ಕೊಟ್ಟಿದ್ರೆ? ಕುದುರೆ ಮಸಾಲೆಯಲ್ಲಿ ಪ್ರೋಟೀನ್ 18–20 ಪ್ರತಿಶತ, ಶೇಂಗಾ ಹಿಂಡಿಯಲ್ಲಿ 40ಕ್ಕೂ ಮೇಲೆ. ಅಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟು ಉಳಿದು, ಮಿಕ್ಕಿದ್ದನ್ನ ಟ್ಯಾನಿನ್ ಕಾಪಾಡಿ ಮುಂದಿನ ಹೊಟ್ಟೆಗೆ ತಲುಪಿಸ್ತಿತ್ತು. ಹಾಲು ಹಾಕಿದ ಚಹಾದ ಥರ.

ಟ್ಯಾನಿನ್ ಒಳ್ಳೇದಾ ಕೆಟ್ಟದ್ದಾ ಅಂತ ಯಾರಾದ್ರೂ ಕೇಳಿದ್ರೆ ನಾನು ಈಗ ತಿರುಗಿ ಕೇಳ್ತೀನಿ: ಅದರ ಜೊತೆ ಹೊಟ್ಟೆಯಲ್ಲಿ ಮತ್ತೇನಿದೆ?

ಗೂಟಕ್ಕೆ ಕಟ್ಟಿದ ಆಡು

ದಕ್ಷಿಣ ಆಫ್ರಿಕಾದಲ್ಲಿ ಕುಡು ಅನ್ನೋ ದೊಡ್ಡ ಜಿಂಕೆಯಂಥ ಪ್ರಾಣಿ ಇದೆ. 1980ರ ದಶಕದಲ್ಲಿ ಬೇಲಿ ಹಾಕಿದ ಖಾಸಗಿ ಕಾಡುಗಳಲ್ಲಿ ಅವು ಬರಗಾಲದಲ್ಲಿ ದೊಡ್ಡ ಸಂಖ್ಯೆಯಲ್ಲಿ ಸತ್ತವು. ಕೆಲವುಗಳ ಹೊಟ್ಟೆಯಲ್ಲಿ ಎಲೆ ತುಂಬಿತ್ತು, ಆದ್ರೆ ಜೀರ್ಣವಾಗಿರಲಿಲ್ಲ. ವೌಟರ್ ವಾನ್ ಹೋವನ್ ಅನ್ನೋ ಪ್ರಾಣಿಶಾಸ್ತ್ರಜ್ಞ ಅಕೇಶಿಯಾ ಎಲೆಗಳಲ್ಲಿ ಏರಿದ್ದ ಟ್ಯಾನಿನ್ ಕಡೆ ಬೆರಳು ತೋರಿಸಿದ್ರು. ಹೊರಗೆ ತಿರುಗಾಡ್ತಿದ್ದ ಜಿರಾಫೆಗಳು ಒಂದು ಗಿಡದಲ್ಲಿ ಸ್ವಲ್ಪ ತಿಂದು ಮುಂದಿನ ಗಿಡಕ್ಕೆ ಹೋಗ್ತಿದ್ವು. ಬೇಲಿಯೊಳಗಿನ ಕುಡುಗಳಿಗೆ ಹಾಗೆ ಹೋಗೋಕೆ ಜಾಗ ಇರಲಿಲ್ಲ.

ನಮ್ಮ ಕಡೆ ಕುರಿ ಹಿಂಡು ನೋಡಿ. ಕುರಿಗಾರರು ದೋಟಿಯಿಂದ ಒಂದು ಟೊಂಗೆ ಬಗ್ಗಿಸಿ ಕೊಡ್ತಾರೆ, ಹಿಂಡು ನಾಲ್ಕು ಬಾಯಿ ತಿಂದು ಮುಂದೆ ಹೋಗುತ್ತೆ. ಜಾಲಿ, ಆಮೇಲೆ ಹೊಲದ ಹುಲ್ಲು, ಆಮೇಲೆ ಬಾರಿ ಸೊಪ್ಪು. ಅವರು ಟ್ಯಾನಿನ್ ಅನ್ನೋ ಹೆಸರು ಹೇಳಲ್ಲ, ಪ್ರಮಾಣ ಮಾತ್ರ ತಪ್ಪಲ್ಲ. ಕಬ್ಬು ಬಂದ ಹಾಗೆ ಮೇಯೋ ಜಾಗ ಕಡಿಮೆಯಾಗಿ ಆಡು ಗೂಟಕ್ಕೆ ಬಂತು. ಗೂಟಕ್ಕೆ ಕಟ್ಟಿದ ಮೇಲೆ ಆರಿಸಿ ತಿನ್ನೋ ಅಧಿಕಾರ ಆಡಿನ ಕೈಲಿ ಇರಲ್ಲ. ಹೊಣೆ ನಮ್ಮ ಮೇಲೆ ಬರುತ್ತೆ. 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿ, 60 ಲಕ್ಷಕ್ಕೂ ಹೆಚ್ಚು ಆಡು ಇದ್ವು. ಅವುಗಳಲ್ಲಿ ಅತ್ತಿಯಂಥವರ ಮನೆ ಮುಂದೆ ಕಟ್ಟಿದ ಒಂದು, ಎರಡೂ ಸೇರಿವೆ.

ನೆನಪಿಡಬೇಕಾದ್ದು

ನಾನು ಡಾಕ್ಟರಲ್ಲ. ನನ್ನ ತಪ್ಪಿನಿಂದ ಕಲಿತಿದ್ದಷ್ಟೇ ಹೇಳ್ತೀನಿ.

ಹಸಿದ ಪ್ರಾಣಿಗೆ ಜಾಲಿಕಾಯಿ ರಾಶಿ ಹಾಕಬೇಡಿ. ಮೊದಲು ಬೇರೆ ಮೇವು, ಆಮೇಲೆ ಒಂದು ಹಿಡಿ.

ಹೊಸ ಮೇವು ಯಾವುದಾದ್ರೂ ಎರಡು ವಾರ ತಗೊಂಡು ನಿಧಾನವಾಗಿ ಹೆಚ್ಚಿಸಿ. ಆ ಎರಡು ವಾರ ಆಡಿನ ನಾಲಿಗೆಗೆ ಅಲ್ಲ, ಒಳಗಿನ ಬ್ಯಾಕ್ಟೀರಿಯಾಕ್ಕೆ ಬೇಕು.

ಬರೀ ಸೋಗೆ, ಕಣಿಕೆ ತಿನ್ನೋ ಪ್ರಾಣಿಗೆ ಮೊದಲು ಪ್ರೋಟೀನ್ ಕೊಡೋ ದಾರಿ ನೋಡಿ. ಸ್ವಲ್ಪ ಹಿಂಡಿ, ಸ್ವಲ್ಪ ಹಸಿ ದ್ವಿದಳ ಸೊಪ್ಪು. ಒಗರಿನ ಮೇವು ಅದರ ಮೇಲೆ.

ಬಳ್ಳಾರಿ ಜಾಲಿ ಬೇರೆ, ಕರಿಜಾಲಿ ಬೇರೆ. ಬಳ್ಳಾರಿ ಜಾಲಿಯ ಕಾಯಿ ಸಿಹಿ, ಅದರ ಲೆಕ್ಕವೇ ಬೇರೆ. ಒಂದರ ಅನುಭವ ಇನ್ನೊಂದಕ್ಕೆ ಹಚ್ಚಬೇಡಿ.

ಮೆಲುಕು ನಿಂತ್ರೆ, ಹಿಕ್ಕೆ ಗಟ್ಟಿಯಾದ್ರೆ ನಾಳೆ ನೋಡೋಣ ಅಂತ ಕೂರಬೇಡಿ. ಅವತ್ತೇ ಪಶುವೈದ್ಯರಿಗೆ ಫೋನ್ ಮಾಡಿ. ಏನು ತಿನ್ನಿಸಿದ್ರಿ ಅಂತ ಮುಚ್ಚಿಡದೆ ಹೇಳಿ.

ಆ ಹೋತ ಏನಾಯ್ತು

ಬದುಕಿತು. ಡಾಕ್ಟ್ರು ಔಷಧಿ ಕೊಟ್ರು, ವಾರದ ಮೇಲೆ ಮೆಲುಕು ಶುರುವಾಯ್ತು. ಆದ್ರೆ ಸೊರಗಿತ್ತು. ಜೂನ್‌ನಲ್ಲಿ ಮಾರೋಕೆ ಹೋದ್ರೆ ಸರಿಯಾದ ಬೆಲೆ ಬರ್ತಿರಲಿಲ್ಲ. ಬಕ್ರೀದ್‌ವರೆಗೆ ಮೈ ತುಂಬಿಸಿಕೊಂಡು ಮಾರೋಣ ಅಂತ ಅತ್ತಿ ತಡೆದಳು. ಫೀಗೆ ಕೈಗಡ ತಂದಳು.

ಆ ವರ್ಷ ಬಕ್ರೀದ್ ಬಂದಿದ್ದು ಆಗಸ್ಟ್ 12ಕ್ಕೆ. ಆ ಹೊತ್ತಿಗೆ ಮೇ ತಿಂಗಳಲ್ಲಿ ಬತ್ತಿದ್ದ ಅದೇ ಕೃಷ್ಣೆ ಊರೊಳಗೆ ಬಂದಿತ್ತು. ಸಂತೆ ಇಲ್ಲ, ರಸ್ತೆ ಇಲ್ಲ. ಅತ್ತಿ ಹೋತವನ್ನ ಹಗ್ಗದಲ್ಲಿ ಹಿಡಿದುಕೊಂಡು ಗಂಜಿ ಕೇಂದ್ರಕ್ಕೆ ಹೋದಳು. ಕೊನೆಗೆ ಸಿಕ್ಕ ಬೆಲೆಗೆ ಕೊಟ್ಟಳು. ಕೈಗಡ ತೀರೋಕೆ ಮುಂದಿನ ವರ್ಷ ಬೇಕಾಯ್ತು. ಅತ್ತಿ ಇವತ್ತಿಗೂ ನನಗೆ ಒಂದು ಮಾತು ಅಂದಿಲ್ಲ. ನನಗೆ ಮಾತ್ರ ಆ ಲೆಕ್ಕ ಗೊತ್ತು. ಹೊಳೆ ಬಂದಿದ್ದು ನನ್ನಿಂದ ಅಲ್ಲ, ಜೂನ್‌ನಲ್ಲಿ ಮಾರೋಕೆ ಆಗದೇ ಇದ್ದಿದ್ದು ನನ್ನಿಂದ.

ಆಮೇಲೊಮ್ಮೆ ಆಯಿಗೆ ಇದನ್ನೆಲ್ಲ ವಿವರಿಸಿದೆ. ಬ್ಯಾಕ್ಟೀರಿಯಾ, ಪ್ರೋಟೀನ್, ಆಸ್ಟ್ರೇಲಿಯಾ, ಎಲ್ಲಾ. ಪೂರ್ತಿ ಕೇಳಿಸಿಕೊಂಡು ಆಯಿ ಅಂದಳು: "ಚೀಲ ತುಂಬು ಮೊದಲ ನನ್ನ ಒಂದ್ ಮಾತ್ ಕೇಳಬೇಕಿತ್ತಿಲ್ಲೋ ಯಪ್ಪಾ. ನಾ ದಿನಾ ಒಂದ್ ಬೊಗಸಿ ಮ್ಯಾಲ ಹಾಕೂದಿಲ್ಲ."

ನಿಮ್ಮ ಮನೆಯಲ್ಲೂ ಆಡು, ಕುರಿ ಸಾಕಿದ ಹಿರಿಯರಿದ್ರೆ ಇವತ್ತು ಒಂದು ಕರೆ ಮಾಡಿ, ಯಾವ ಸೊಪ್ಪು ಎಷ್ಟು ಹಾಕ್ತೀರಿ ಅಂತ ಕೇಳಿ. ಉತ್ತರವನ್ನ ವಾಯ್ಸ್ ಮೆಸೇಜ್ ಮಾಡಿ ಇಟ್ಕೊಳ್ಳಿ.